ಮೂರು ಚಕ್ರದ ಸಂಸಾರ

ಹಳೆಯ ಗಾಡಿ ಇಟ್ಟುಕೊಂಡವನು ಅವಮಾನ ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಳಿಗ್ಗೆ ಬಾಗಿಲು ತೆರೆದರೆ ಎದುರಿಗೇ ನಿಂತಿರುತ್ತದೆ. ನನ್ನದು ಜಪಾನಿನ ಪುಟ್ಟ ಪಿಕಪ್. ಮುಂದೆ ಒಂದು ಚಕ್ರ, ಹಿಂದೆ ಎರಡು. ವಯಸ್ಸಿನಲ್ಲಿ ನನ್ನ ಅಪ್ಪನಿಗಿಂತ ಹಿರಿಯದು. ಮಲೇಷ್ಯಾದ ಸುಬಾಂಗ್ ಜಯಾದ ನಮ್ಮ ಮನೆಗೆ ಅದನ್ನು ಎಳೆಸಿ ತಂದ ದಿನವೇ ಹೆಂಡತಿ ಷರತ್ತು ಹಾಕಿದಳು: ವಾಹನ ತಪಾಸಣೆಯಲ್ಲಿ ಪಾಸಾದರೆ ಇರಲಿ, ಇಲ್ಲದಿದ್ದರೆ ಗುಜರಿಗೆ.

ಸ್ಟಾರ್ಟ್

ಪೆಟ್ರೋಲ್ ಇತ್ತು. ಪ್ಲಗ್ಗಿನಲ್ಲಿ ಕಿಡಿ ಬರುತ್ತಿತ್ತು. ಗಾಳಿಗೆ ತಡೆಯಿರಲಿಲ್ಲ. ಒಂದೊಂದಾಗಿ ಪರೀಕ್ಷಿಸಿದೆ. ಓಡದಿರಲು ಕಾರಣವೇ ಇರಲಿಲ್ಲ. ಓಡಲಿಲ್ಲ.

ಪಕ್ಕದ ಮನೆಯ ತಮಿಳು ಅಂಕಲ್ ಗೇಟಿನಿಂದ ನೋಡುತ್ತಿದ್ದರು. ಏನು ಓದಿದ್ದೀಯಾ ಎಂದು ಕೇಳಿದರು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಎಂದೆ. ಅವರು ಒಳಗೆ ಹೋಗಿ ಗಾಡಿ ಎಳೆಯಲು ಹಗ್ಗ ತಂದರು.

ಕಳವು

ಮೆಕ್ಯಾನಿಕ್ ಸರಿಮಾಡಿಕೊಟ್ಟ. ಆ ಸಂಜೆ ಮನೆ ಹತ್ತಿರ ಜಾಗವಿಲ್ಲದೆ ರಸ್ತೆ ತುದಿಯಲ್ಲಿ ತಮಿಳು ಮುಸ್ಲಿಮರು ನಡೆಸುವ ಮಾಮಕ್ ಹೋಟೆಲಿನ ಎದುರು ನಿಲ್ಲಿಸಿದ್ದೆ. ಬೆಳಿಗ್ಗೆ ಗಾಡಿ ಇಲ್ಲ. ನನ್ನ ಎದೆ ಒಡೆಯಿತು. ಹೆಂಡತಿ ಹಾಡು ಗುನುಗುತ್ತಾ ಚಹಾ ಮಾಡಿದಳು.

ಹೋಟೆಲಿನವನು ನನ್ನನ್ನು ಹಿಂಬದಿಗೆ ಕರೆದೊಯ್ದ. ಗಾಡಿ ಗೋಡೆಗೆ ಅಂಟಿಕೊಂಡು ನಿಂತಿತ್ತು. ಅದರ ಮೇಲೆ ತಟ್ಟೆಗಳು ಒಣಗುತ್ತಿದ್ದವು. ಫುಟ್‌ಬಾಲ್ ನೋಡುವವರಿಗೆ ಟೇಬಲ್ ಹಾಕಲು ಜಾಗ ಬೇಕಾಗಿತ್ತಂತೆ.

"ನಾಲ್ಕು ಜನ ಎತ್ತಿಟ್ವಿ ಲಾ," ಎಂದ. "ಇಬ್ಬರೇ ಸಾಕಾಗ್ತಿತ್ತು, ಬಾಸ್."

ಮೊಣಕಾಲು

ತಪಾಸಣೆಗೆ ಮೊದಲು ಒಂದು ಸುತ್ತು ಓಡಿಸಿ ನೋಡೋಣವೆಂದು ಗೆಳೆಯನನ್ನು ಕರೆದೆ. ಉಡುಪಿಯವನು, ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಮೂಳೆ ಡಾಕ್ಟರು, ಆರಡಿ ಎತ್ತರ. ಹತ್ತುವಾಗ ಹೇಗೋ ಹತ್ತಿದ. ಇಳಿಯುವಾಗ ಎರಡೂ ಮೊಣಕಾಲು ಡ್ಯಾಶ್‌ಬೋರ್ಡಿನ ಕೆಳಗೆ ಸಿಕ್ಕಿಕೊಂಡವು. ಬಾಗಿಲಿನ ಹಿಂಜ್ ಬಿಚ್ಚಲೇ ಎಂದೆ. ಅವನು ಮೊಣಕಾಲು ಮುಟ್ಟಿ ನೋಡಿಕೊಂಡ.

"ಮಾರಾಯ, ಮೊದಲು ಯಾರನ್ನು ಬಿಚ್ಚೋದು ಅಂತ ತೀರ್ಮಾನ ಮಾಡು."

ತಪಾಸಣೆ

ಯಾರೂ ಎಳೆಯದೆ ಗಾಡಿ ತಾನೇ ಓಡಿಕೊಂಡು ತಪಾಸಣಾ ಕೇಂದ್ರ ತಲುಪಿತು. ಅಷ್ಟಕ್ಕೇ ನನ್ನ ಕಣ್ಣು ತೇವವಾಯಿತು. ದೀಪ ಪಾಸು, ಹೊಗೆ ಪಾಸು.

ಬ್ರೇಕ್ ಪರೀಕ್ಷೆಗೆ ನೆಲದಲ್ಲಿ ಎಡಕ್ಕೊಂದು, ಬಲಕ್ಕೊಂದು ರೋಲರ್ ಇರುತ್ತದೆ. ಚಕ್ರಗಳು ಅವುಗಳ ಮೇಲೆ ನಿಲ್ಲಬೇಕು. ನನ್ನ ಮುಂದಿನ ಚಕ್ರ ಎರಡರ ನಡುವಿನ ಸಿಮೆಂಟಿನ ಮೇಲೆ ಹೋಗಿ ನಿಂತಿತು. ಅಧಿಕಾರಿ ಒಳ್ಳೆಯವನು. ಗಾಡಿಯನ್ನು ಎಡಕ್ಕೆ ತರಿಸಿದ. ಬಲ ಚಕ್ರ ಇಲ್ಲ ಎಂದಿತು ಯಂತ್ರ. ಬಲಕ್ಕೆ ತರಿಸಿದ; ಎಡ ಚಕ್ರ ಇಲ್ಲ ಎಂದಿತು. ಯಂತ್ರ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಹಿಂದಿನ ಎರಡು ಚಕ್ರಗಳನ್ನು ಮಾತ್ರ ಅದು ಒಪ್ಪಿಕೊಂಡಿತು.

ಹೆಂಡತಿಯ ಫೋನ್ ಬಂತು.

"ಪಾಸಾ?"

"ಹಿಂದಿನ ಎರಡು ಚಕ್ರ ಪಾಸು."

"ಸರಿ, ಅವೆರಡನ್ನ ಬಿಚ್ಕೊಂಡು ಮನೆಗೆ ಬಾ. ಉಳಿದದ್ದು ಗುಜರಿಗೆ."