ರಾಜಾಸಾಹೇಬರ ಒಂದೇ ಒಂದು ಫೋಟೋ

ದೊಡ್ಡವರ ಸಾವಿನಲ್ಲಿ ಅಳುವಷ್ಟೇ ನಗುವ ಸಂಗತಿಗಳೂ ನಡೆದುಹೋಗುತ್ತವೆ. ನಗಬಾರದ ಜಾಗ ಎಂಬ ಕಾರಣಕ್ಕೇ ಅವು ಹೆಚ್ಚು ನಡೆಯುತ್ತವೋ ಏನೋ. ನಾನು ಇಳಕಲ್ಲಿನ ಬಸ್ ಸ್ಟ್ಯಾಂಡಿನ ಎದುರು ಪೇಪರ್ ಏಜೆನ್ಸಿ ಇಟ್ಟುಕೊಂಡು, ಜೊತೆಗೆ ಹುಬ್ಬಳ್ಳಿಯ ಒಂದು ಪತ್ರಿಕೆಗೆ ಬಾತ್ಮೀದಾರನಾಗಿದ್ದವನು. ಬಾತ್ಮೀದಾರ ಎಂದರೆ ಮಧ್ಯಾಹ್ನ ಸುದ್ದಿ ಬರೆದು ಕಳಿಸುವುದು, ಮರುದಿನ ಬೆಳಿಗ್ಗೆ ಆ ಸುದ್ದಿಗಾಗಿ ಬೈಸಿಕೊಳ್ಳುತ್ತ ಅದೇ ಪೇಪರನ್ನು ಮನೆಮನೆಗೆ ಹಂಚುವುದು. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ನಮ್ಮ ಕಡೆಯ ಒಂದು ಸಣ್ಣ ಸಂಸ್ಥಾನದ ರಾಜಾಸಾಹೇಬರು ತೀರಿಕೊಂಡರು. ಆಗ ಕಂಡದ್ದನ್ನಷ್ಟೇ ಹೇಳುತ್ತೇನೆ. ಸಂಸ್ಥಾನದ ಹೆಸರು ಬೇಡ. ಅವರ ಅರಮನೆ, ನಮ್ಮ ಬಾಯಲ್ಲಿ ವಾಡೆ, ಇನ್ನೂ ನಿಂತಿದೆ, ಅದರ ಮುಂದೆ ನಾನು ಇನ್ನೂ ಹಾದುಹೋಗಬೇಕು.

೧. ಫೋಟೋ ಬ್ಯಾಡ ಅಂದವರು

ರಾಜಾಸಾಹೇಬರದು ಒಂದೂ ಫೋಟೋ ಇರಲಿಲ್ಲ. ಅವರು ಹುಡುಗರಾಗಿದ್ದಾಗ ಬೆಳಗಾವಿಯಲ್ಲಿ ಯಾವುದೋ ಬ್ರಿಟಿಷ್ ಸಾಹೇಬನ ದರ್ಬಾರಿನಲ್ಲಿ ಎಲ್ಲ ಸಂಸ್ಥಾನಿಕರನ್ನೂ ಸಾಲಾಗಿ ಕೂರಿಸಿ ಫೋಟೋ ತೆಗೆದರಂತೆ. ಸಣ್ಣ ಸಂಸ್ಥಾನವೆಂದು ಇವರಿಗೆ ಸಾಲಿನ ತುದಿಯ ಕುರ್ಚಿ. ಫೋಟೋ ಬಂದಾಗ ನೋಡಿದರೆ ಒಂದು ಭುಜ, ಒಂದು ಕಿವಿ, ಅರ್ಧ ರುಮಾಲು. "ಇನ್ನ ಆ ಡಬ್ಬಿ ಮುಂದ ನಾ ಕುಂದ್ರಂಗಿಲ್ಲ" ಎಂದು ಎದ್ದವರು ಮದುವೆಯಲ್ಲೂ ಕೂರಲಿಲ್ಲ. ಪಾಪ, ರಾಣಿಸಾಹೇಬರ ಮದುವೆಯ ಫೋಟೋದಲ್ಲಿ ರಾಣಿಸಾಹೇಬರು ಒಬ್ಬರೇ ಇದ್ದಾರೆ.

ಇಳಕಲ್ಲಿನಲ್ಲಿ ಸ್ಟುಡಿಯೋ ಇಟ್ಟಿದ್ದ ಗೆಳೆಯನೊಬ್ಬ ನನಗಿದ್ದ. ಊರೆಲ್ಲ ಅವನನ್ನು ಫೋಟೋ ಮಾಸ್ತರ ಎನ್ನುತ್ತಿತ್ತು. ಅವನಿಗೆ ಜನ್ಮದಲ್ಲಿ ಒಂದೇ ದುಃಖ, ಒಂದೇ ಆಸೆ. ದುಃಖವೆಂದರೆ ಯಾರೂ ಅಲುಗಾಡದೆ ಕೂರುವುದಿಲ್ಲ ಎಂಬುದು. "ಅಳ್ಳಾಡಬ್ಯಾಡ್ರೀ!" ಎಂದು ಕೂಗಿ ಕೂಗಿ ಅವನ ಗಂಟಲೇ ದಪ್ಪವಾಗಿತ್ತು. ಆಸೆಯೆಂದರೆ ರಾಜಾಸಾಹೇಬರ ಫೋಟೋ.

ಒಂದು ದಸರೆಗೆ ಧೈರ್ಯ ಮಾಡಿ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು ಹೊತ್ತು ವಾಡೆಗೆ ಹೋದ. ಜೊತೆಗೆ ನಾನೂ ಇದ್ದೆ. ಪಡಸಾಲೆಯಲ್ಲಿ ಸ್ಟ್ಯಾಂಡು ನಿಲ್ಲಿಸಿದ್ದನೋ ಇಲ್ಲವೋ, ರಾಜಾಸಾಹೇಬರು ಒಳಗಿನಿಂದ ಬಂದರು. ಬರೇ ನೋಡಿದರು. ಆ ನೋಟವನ್ನು ನಾನು ಓರೆಯಿಂದ ಕಂಡವನು, ನಾನೇ ಎರಡು ಹೆಜ್ಜೆ ಹಿಂದೆ ಸರಿದೆ. ನೆಟ್ಟಗೆ ಎದುರಿಸಿದ ಮಾಸ್ತರ ಮುಂದಿನ ಕ್ಷಣ ಅಲ್ಲಿರಲಿಲ್ಲ. ಅವನನ್ನು ನಾನು ಹಿಡಿದದ್ದು ಊರ ಹೆಬ್ಬಾಗಿಲು, ಅಗಸಿಯ ಹತ್ತಿರ.

"ಲೇ, ಸ್ಟ್ಯಾಂಡ್ ಎಲ್ಲಿ?" ಅಂದೆ.

"ಅಲ್ಲೇ ಅದ."

"ತರ್ತಿಯೇನು?"

"ನೀ ತರ್ತಿಯೇನು?" ಅಂದ.

ಸ್ಟ್ಯಾಂಡು ವಾಡೆಯಲ್ಲೇ ಉಳಿಯಿತು.

೨. ಬಿಸಿ ಚಹಾ

ರಾಜಾಸಾಹೇಬರು ತೀರಿಕೊಂಡದ್ದು ಒಂದು ಸಂಜೆ. ಸುದ್ದಿ ಇಳಕಲ್ಲಿಗೆ ಬಂದದ್ದು ಮರುದಿನದ ಮೊದಲ ಬಸ್ಸಿನ ಕಂಡಕ್ಟರನ ಬಾಯಲ್ಲಿ. ಇಳಕಲ್ಲು ಆ ಸಂಸ್ಥಾನಕ್ಕೆ ಎಂದೂ ಸೇರಿದ್ದಲ್ಲ, ಹಿಂದೆ ಬ್ರಿಟಿಷರ ಆಳ್ವಿಕೆಯ ಮುಲುಕು. ಆದರೂ ವಾಡೆಯ ಮದುವೆಗಳಿಗೆಲ್ಲ ಸೀರೆ ನೇಯ್ದುಕೊಟ್ಟ ಊರು. ನೇಕಾರರು ಮಗ್ಗ ನಿಲ್ಲಿಸಿದರು, ಅಂಗಡಿಯವರು ಅರ್ಧ ಬಾಗಿಲು ಎಳೆದರು, ಎಲ್ಲರೂ "ನಮ್ಮ ರಾಜಾಸಾಹೇಬ್ರು" ಎನ್ನುತ್ತ ಬಸ್ ಸ್ಟ್ಯಾಂಡಿನ ಚಹಾ ಹೋಟೆಲಿನ ರೇಡಿಯೋ ಮುಂದೆ ಸೇರಿದರು.

ಕಂಡಕ್ಟರನ ಮಾತನ್ನು ಹೋಟೆಲಿನ ಮಾಲೀಕರು ಒಪ್ಪಲೇ ಇಲ್ಲ. "ಕಂಡಕ್ಟರ್ ಹೇಳಿದ್ರ ಸಾಯೂವಂಥಾ ಮಂದಿ ಅಲ್ಲರೀ ಅವರು. ರೇಡಿಯೋ ಹೇಳ್ಲಿ, ನೋಡೋಣು."

ಬೆಳಗಿನ ವಾರ್ತೆ ಶುರುವಾಯಿತು. ಮಂತ್ರಿಗಳ ಪ್ರವಾಸ ಬಂತು, ಹೋಯಿತು. ಜಲಾಶಯದ ನೀರು ಬಂತು. ಹತ್ತಿಯ ಧಾರಣೆ ಬಂತು. ಹವಾಮಾನವೂ ಮುಗಿಯಿತು. ರಾಜಾಸಾಹೇಬರ ಸುದ್ದಿ ಇಲ್ಲ! ಮಾಲೀಕರು ಎರಡೂ ಕೈ ಎತ್ತಿ ಮುಗಿದು, "ನಾ ಹೇಳ್ಲಿಲ್ಲೇನು? ಜೀವಂತ ಅದಾರ! ಎಲ್ಲಾರಿಗೂ ಚಹಾ ಹಾಕಲೇ!" ಎಂದು ಕೂಗಿದರು. ಕಣ್ಣಲ್ಲಿ ನೀರು ತಂದುಕೊಂಡಿದ್ದವರು ಕಪ್ಪಿನ ಚಹಾ ಬಸಿಗೆ ಸುರಿದುಕೊಂಡರು. ಬಸಿ ತುಟಿಗೆ ತಾಗುವ ಹೊತ್ತಿಗೆ ರೇಡಿಯೋ, "ಈಗಷ್ಟೇ ಬಂದ ವರದಿ" ಎಂದಿತು.

ಹೋಟೆಲಿನಲ್ಲಿದ್ದ ಅಷ್ಟೂ ಜನ ಬಸಿ ಹಿಡಿದುಕೊಂಡೇ ಎದ್ದು ನಿಂತರು. ಟೊಪ್ಪಿಗೆ ತೆಗೆಯಬೇಕೆಂದವರಿಗೆ ಕೈ ಖಾಲಿ ಇಲ್ಲ. ಅಷ್ಟು ಜನ ಒಟ್ಟಿಗೆ ಅಷ್ಟು ಸುಮ್ಮನಿದ್ದದ್ದನ್ನು ನಾನು ಆ ಬಸ್ ಸ್ಟ್ಯಾಂಡಿನಲ್ಲಿ ಮತ್ತೆ ನೋಡಿಲ್ಲ. ಕೊನೆಗೆ ಒಬ್ಬ ಮೆಲ್ಲಗೆ ಕೇಳಿದ: "ಸಾವುಕಾರ್ರ, ಈಗ ಚಹಾ ಕುಡೀಬೇಕೋ ಬ್ಯಾಡೋ?"

ಮಾಲೀಕರು ಕಣ್ಣೊರೆಸಿಕೊಂಡು ಹೇಳಿದರು: "ಕುಡೀರಿ. ಚಹಾ ಹಾಕಿದಾಗ ರಾಜಾಸಾಹೇಬ್ರು ಇದ್ರು."

೩. ಹಾವಿನ ಕೆಳಗೆ

ಪೋಸ್ಟ್ ಆಫೀಸಿಗೆ ಓಡಿ ಹುಬ್ಬಳ್ಳಿಗೆ ಟ್ರಂಕ್ ಕಾಲ್ ಹಚ್ಚಿದೆ. ಆ ಕಾಲದ ಟ್ರಂಕ್ ಕಾಲ್ ಎಂದರೆ ಗುಟ್ಟಿನ ಮಾತಲ್ಲ. ನಾನು ಕೂಗಿದ್ದು ಹುಬ್ಬಳ್ಳಿಗೆ ಮುಟ್ಟುವ ಮೊದಲು ಪೋಸ್ಟ್ ಆಫೀಸಿನಲ್ಲಿದ್ದ ಎಲ್ಲರಿಗೂ ಮುಟ್ಟುತ್ತಿತ್ತು.

ಆ ಕಡೆ ಹೊಸದಾಗಿ ಬಂದಿದ್ದ ಉಪಸಂಪಾದಕರು, ಮೈಸೂರು ಸೀಮೆಯವರು. "ಫೋಟೋ ಕಳಿಸಿಕೊಡಿ. ಕಿರೀಟ ಇರೋದು ಇದ್ರೆ ಒಳ್ಳೇದು" ಎಂದರು.

"ಕಿರೀಟಲ್ಲರೀ, ಫೋಟೋನ ಇಲ್ಲ."

"ರಾಜರ ಫೋಟೋ ಇಲ್ವಾ? ಹಾಗಾದ್ರೆ ಮೊದಲ ಪುಟಕ್ಕೆ ಬರೋದಿಲ್ಲ. ನಾಲ್ಕನೇ ಪುಟದಲ್ಲಿ ಹಾಕ್ತೀನಿ. ಹಾವು ಕಚ್ಚಿ ಎತ್ತಿನ ಸಾವು ಅಂತ ಒಂದಿದೆ, ಅದರ ಕೆಳಗೆ ಜಾಗ ಇದೆ."

ನಾನು ದಿಕ್ಕುತೋಚದೆ ಅದನ್ನೇ ಗಟ್ಟಿಯಾಗಿ ಹೇಳಿದೆ: "ಹಾವಿನ ಕೆಳಗ ಹಾಕ್ತೀರೇನ್ರಿ?" ಪೋಸ್ಟ್ ಮಾಸ್ತರರು ಅಂಚೆ ಚೀಟಿಗೆ ಮುದ್ರೆ ಹೊಡೆಯುತ್ತಿದ್ದವರು ಎದ್ದು ಬಂದರು. ಜನ್ಮದಲ್ಲಿ ದನಿ ಎತ್ತದ ಮನುಷ್ಯ. ನನ್ನ ಕೈಯಿಂದ ಫೋನು ಕಸಿದುಕೊಂಡು, "ನಮಸ್ಕಾರ್ರೀ. ನಮ್ಮ ರಾಜಾಸಾಹೇಬ್ರು ಎತ್ತಿನ ಕೆಳಗೂ ಬರಂಗಿಲ್ಲ, ಹಾವಿನ ಕೆಳಗೂ ಬರಂಗಿಲ್ಲ. ಫೋಟೋ ಬರ್ತದ, ಜಾಗ ಬಿಡ್ರಿ!" ಎಂದು ಫೋನು ಇಟ್ಟುಬಿಟ್ಟರು.

"ಫೋಟೋ ಎಲ್ಲಿಂದ ಬರ್ತದರೀ?" ಎಂದೆ.

"ಅದು ನಿಮ್ಮ ಕೆಲಸ" ಎಂದು ಮುದ್ರೆ ಹೊಡೆಯಲು ಕೂತರು.

೪. ಕೊನೆಯ ಅರ್ಜಿ

ಫೋಟೋ ಮಾಸ್ತರನನ್ನು ಎಳೆದುಕೊಂಡು ವಾಡೆಯ ಊರಿನ ಬಸ್ಸು ಹತ್ತಿದೆ. "ಈಗೂ ಬ್ಯಾಡ ಅಂದ್ರ?" ಎಂದು ಅವನು ದಾರಿಯುದ್ದಕ್ಕೂ ಕೇಳಿದ. ನನಗೂ ಅದೇ ಅಂಜಿಕೆ.

ಶಿರೂರಿನಿಂದ, ಮರೋಳದಿಂದ, ಬಾದಾಮಿ ಕಡೆಯಿಂದ ಚಕ್ಕಡಿ, ಟ್ರ್ಯಾಕ್ಟರು, ನಡೆದು ಬಂದವರು. ವಾಡೆಯ ಮುಂದೆ ಕಾಲಿಡಲು ಜಾಗವಿಲ್ಲ. ಇಷ್ಟು ಜನ ಇದ್ದೂ ಗದ್ದಲವಿಲ್ಲ. ದೂರದಲ್ಲಿ ಭಜನೆಯ ತಾಳ ಒಂದೇ. ಒಳಗೆ ಹೋದರೆ ಪಡಸಾಲೆಯಲ್ಲಿ ರಾಜಾಸಾಹೇಬರು ಕೂತಿದ್ದರು. ನಮ್ಮ ಬಸವಣ್ಣನವರ ಒಕ್ಕಲಾದ ಲಿಂಗಾಯತರಲ್ಲಿ ತೀರಿಕೊಂಡವರನ್ನು ಮಲಗಿಸಿ ಒಯ್ಯುವುದಿಲ್ಲ, ಕೂರಿಸಿ ಒಯ್ಯುತ್ತೇವೆ. ಹಣೆತುಂಬ ವಿಭೂತಿ, ತಲೆಗೆ ಜರಿಯ ರುಮಾಲು, ಎಡಗೈಯಲ್ಲಿ ಲಿಂಗ, ಮುಚ್ಚಿದ ಕಣ್ಣು. ಬದುಕಿದ್ದಾಗ ಇದ್ದುದಕ್ಕಿಂತ ದೊಡ್ಡವರಾಗಿ ಕಂಡರು. ಅರಸನೆಂದರೆ ಏನೆಂದು ನನಗೆ ಅಂದು ತಿಳಿಯಿತು, ಸುಳ್ಳು ಹೇಳುವುದಿಲ್ಲ.

ಸಾಲಿನಲ್ಲಿ ನಮ್ಮ ಮುಂದೆ ಒಬ್ಬ ಮುದುಕ. ರಾಜಾಸಾಹೇಬರೆದುರು ಬಂದವನು ಕೈಮುಗಿದು ಮುಂದೆ ಹೋಗಬೇಕಲ್ಲ, ನಿಂತುಬಿಟ್ಟ. ಹೆಗಲ ಮೇಲಿನ ಟವೆಲ್ಲು ಕಂಕುಳಿಗೆ ಸಿಕ್ಕಿಸಿಕೊಂಡು ಹಳೆಯ ರೂಢಿಯಲ್ಲಿ ಶುರು ಮಾಡಿದ: "ಸರಕಾರ, ನನ್ನ ಹೊಲಕ್ಕ ಹೋಗೂ ದಾರಿ ಬಾಜೂದಂವ ಮುಳ್ಳು ಹಚ್ಚಿ ಬಂದ್ ಮಾಡ್ಯಾನ್ರಿ." ಹೇಳಿ, ಉತ್ತರಕ್ಕೆ ಕಾದು ನಿಂತ. ಅಲುಗಾಡಲಿಲ್ಲ. ಹಿಂದೆ ಸಾಲು ಬೆಳೆಯಿತು.

ವಾಡೆಯ ವ್ಯವಹಾರ ನೋಡಿಕೊಳ್ಳುವ ಕಾರಭಾರಿಗಳು ಬಗ್ಗಿ ರಾಜಾಸಾಹೇಬರ ಕಿವಿಯ ಹತ್ತಿರ ಹೋಗಿ, ಎದ್ದು, "ಕೇಳ್ಯಾರ. ನೋಡೋಣು ಅಂದಾರ, ನಡಿ" ಎಂದರು.

ಮುದುಕ ತೃಪ್ತಿಯಿಂದ ಹೊರಟ. ಅವನ ಹಿಂದೆಯೇ ನಿಂತಿದ್ದ ಒಬ್ಬ ಮೀಸೆಯವನ ಮುಖ ಬಿಳಿಚಿಕೊಂಡಿತ್ತು. ರಾಜಾಸಾಹೇಬರ ಕಾಲಿಗೆ ಬಿದ್ದು, "ಇವತ್ತ ತೆಗೀತೇನ್ರಿ ಮುಳ್ಳು" ಎಂದು ಮುದುಕನ ಹಿಂದೆ ಓಡಿದ.

೫. ಮಾತು ಕೇಳಿದ ಗಿರಾಕಿ

ಕಾರಭಾರಿಗಳ ಮುಂದೆ ಫೋಟೋದ ಮಾತು ತೆಗೆದೆ. ಅವರು ತಲೆ ಅಲ್ಲಾಡಿಸಿದರು. ಆಗ ಕಂಬದ ಮರೆಯಿಂದ ರಾಣಿಸಾಹೇಬರ ದನಿ ಬಂತು: "ತಗೀಲಿ. ಇಷ್ಟು ವರ್ಷ ಸಂಸಾರ ಮಾಡೇನಿ, ನಾಳಿಂದ ಆ ಮುಖ ನಾ ಎಲ್ಲಿ ನೋಡ್ಲಿ?" ಪಡಸಾಲೆಯಲ್ಲಿ ಯಾರೂ ತಲೆ ಎತ್ತಲಿಲ್ಲ. ನನ್ನ ಮೊದಲ ಪುಟ ನನಗೆ ಮರೆತುಹೋಯಿತು. ಮಾಸ್ತರ ಕ್ಯಾಮೆರಾದ ಗಾಜನ್ನು ಎರಡೆರಡು ಸಲ ಒರೆಸಿದ. ಈ ಫೋಟೋ ಕೆಟ್ಟರೆ ಇನ್ನೊಂದು ಸಲ ತೆಗೆಯುವ ಮಾತಿಲ್ಲ.

ಬರೇ ಕೈಯಲ್ಲಿ ಹಿಡಿದರೆ ಕ್ಯಾಮೆರಾ ಅಲುಗದೆ ನಿಲ್ಲುವುದಾದರೂ ಹೇಗೆ? ಫ್ಲ್ಯಾಶು ತಂದಿದ್ದ, ಆದರೆ ಆ ಮುಖಕ್ಕೆ ಫ್ಲ್ಯಾಶು ಹೊಡೆಯುವ ಎದೆ ಅವನಿಗಿರಲಿಲ್ಲ. ಆಗ ಹಿತ್ತಲ ಕಡೆ ನನ್ನ ಕಣ್ಣು ಹೋಯಿತು. ನಮ್ಮ ಸ್ಟ್ಯಾಂಡು! ಅಡುಗೆಯವರು ಅದಕ್ಕೆ ಶಾವಿಗೆ ಒಣಗಿಸುವ ಕೋಲು ಕಟ್ಟಿದ್ದರು. ಕೋಲು ಬಿಚ್ಚಿ, ಶಾವಿಗೆ ಕೊಡವಿ, ಪಡಸಾಲೆಯಲ್ಲಿ ಅಂದು ನಿಲ್ಲಿಸಿದ್ದ ಜಾಗದಲ್ಲೇ ನಿಲ್ಲಿಸಿದೆವು. ಮಬ್ಬು ಬೆಳಕು, ಕ್ಯಾಮೆರಾದ ಕಣ್ಣು ತುಸು ಹೊತ್ತು ತೆರೆದೇ ಇರಬೇಕು. ಮಾಸ್ತರ ಬಗ್ಗಿ ನೋಡಿದ. ಅಂಜಿಕೆಯಲ್ಲಿ ಬುದ್ಧಿ ಹೋಯಿತು, ಬಾಯಿ ಮಾತ್ರ ತನ್ನ ರೂಢಿಯ ಕೆಲಸ ಮಾಡಿತು. ರಾಜಾಸಾಹೇಬರಿಗೇ ಕೂಗಿದ: "ಅಳ್ಳಾಡಬ್ಯಾಡ್ರೀ! ಉಸುರು ಹಿಡೀರಿ!"

ನಾನು ಬಾಗಿಲು ಎಷ್ಟು ದೂರವಿದೆ ಎಂದು ನೋಡಿಕೊಂಡೆ. ಯಾರೂ ಹೊಡೆಯಲಿಲ್ಲ, ಅಷ್ಟರ ಮಟ್ಟಿಗೆ ಪುಣ್ಯ.

ಸಂಜೆ ಮಣ್ಣು ಮುಗಿಸಿಕೊಂಡು ಬಂದೆವು. ಸಾವಿನ ಮನೆಯಿಂದ ವಸ್ತು ತರಬಾರದೆಂದು ಸ್ಟ್ಯಾಂಡು ಅಲ್ಲೇ ಬಿಟ್ಟೆವು. ಸ್ಟುಡಿಯೋದಲ್ಲಿ ಫಿಲ್ಮು ತೊಳೆದು ನೋಡಿದರೆ, ಅಕ್ಕಪಕ್ಕದಲ್ಲಿ ನಿಂತವರೆಲ್ಲ ಅಲುಗಾಡಿ ಹೊಗೆ ಹೊಗೆ. ಕಾರಭಾರಿಗಳಿಗೆ ಎರಡು ಮೂಗು. ನಡುವೆ ರಾಜಾಸಾಹೇಬರು ಒಬ್ಬರೇ, ಮೀಸೆಯ ಒಂದೊಂದು ಕೂದಲು ಎಣಿಸುವ ಹಾಗೆ, ಸ್ಪಷ್ಟ. ಮಾಸ್ತರ ಫೋಟೋಕ್ಕೆ ಕೈಮುಗಿದು ಗಳಗಳ ಅತ್ತ. "ನೋಡಲೇ," ಎಂದ, "ನನ್ನ ಮಾತು ಕೇಳಿದ ಗಿರಾಕಿ ಇವರೊಬ್ಬರ."

೬. ಕಣ್ಣು

ಫೋಟೋ ಬೆಳಗಿನ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಯಿತು. ಮಧ್ಯಾಹ್ನ ಪೋಸ್ಟ್ ಆಫೀಸಿಗೆ ಉಪಸಂಪಾದಕರ ಫೋನು ಬಂತು. "ಏನ್ರೀ ಇದು, ನಿಧನರಾದರು ಅಂತ ಬರೆದಿದೀರಿ, ಫೋಟೋದಲ್ಲಿ ಕೂತಿದಾರೆ! ಇದು ಹೋದ ವರ್ಷದ್ದಾ?"

"ಅಲ್ರೀ, ನಿನ್ನಿದು. ನಮ್ಮ ಕಡೆ ಕೂಡ್ರಸ್ತಾರ."

ಆ ಕಡೆ ಫೋಟೋ ಮತ್ತೆ ಕೈಗೆತ್ತಿಕೊಂಡ ಸದ್ದು. ಆಮೇಲೆ, "ಫೋಟೋ ಏನೋ ಭವ್ಯವಾಗಿದೆ. ಆದ್ರೆ ಕಣ್ಣು ಮುಚ್ಚಿದಾರಲ್ರೀ. ಕಣ್ಣು ಬಿಟ್ಟಾಗ ಒಂದು ತೆಗೀಬಾರದಿತ್ತಾ?"

"ಬಿಡಲಿಲ್ರೀ" ಎಂದೆ.

ಮರುದಿನ ಮೊದಲ ಪುಟದಲ್ಲಿ ಬಂತು. ಪೇಪರ್ ಕಟ್ಟು ಬಿಚ್ಚಿದ್ದಷ್ಟೇ, ಎಲ್ಲ ಖಾಲಿ. ನೇಕಾರರು ಕತ್ತರಿಸಿ ಮಗ್ಗದ ಮೇಲೆ ಅಂಟಿಸಿದರು. ಪೋಸ್ಟ್ ಮಾಸ್ತರರು ತಮ್ಮ ಪ್ರತಿಯನ್ನು ನಾಲ್ಕನೇ ಪುಟ ತೆರೆದು ತಡೆದಿಟ್ಟಿದ್ದ ಹಾವು ಅಲ್ಲೇ ಇದೆಯೋ ಎಂದು ನೋಡಿ ಸಮಾಧಾನಪಟ್ಟರು.

ಕೆಲವು ದಿನದ ಮೇಲೆ ರಾಣಿಸಾಹೇಬರಿಂದ ಹೇಳಿಕೆ ಬಂತು. ಗೋಡೆಗೆ ತೂಗುಹಾಕಲು ದೊಡ್ಡ ಫೋಟೋ ಬೇಕು, ಆದರೆ ಕಣ್ಣು ತೆರೆದಿರಬೇಕು. "ಮುಚ್ಚಿದ ಕಣ್ಣು ನೋಡಿಕೋತ ನನಗ ಇರಾಕ ಆಗಂಗಿಲ್ಲ" ಎಂದಿದ್ದರು. ಆಗಿನ ಸ್ಟುಡಿಯೋದವರಿಗೆ ಕುಂಚದಲ್ಲಿ ಕಣ್ಣು ಬಿಡಿಸುವುದು ಬರುತ್ತಿತ್ತು. ಮಾಸ್ತರ ಕೂತ. ಮೊದಲು ಶಾಂತವಾದ ಕಣ್ಣು ಬಿಡಿಸಿದ. ರಾಜಾಸಾಹೇಬರು ಕ್ಯಾಲೆಂಡರಿನ ದೇವರಾದರು. ಅಳಿಸಿ ನಗುವ ಕಣ್ಣು ಬಿಡಿಸಿದ, ಬ್ಯಾಂಕಿನ ಮ್ಯಾನೇಜರರಾದರು. ಕುಂಚ ಒಗೆದು, "ಲೇ, ನಾ ಅವರ ಕಣ್ಣು ನೋಡಿದ್ದು ಒಂದ ಸಲ" ಎಂದ.

"ಅದನ್ನ ಬಿಡಿಸು."

"ಅದನ್ನ?" ಎಂದವನು ಬಾಗಿಲಿನ ಕಡೆ ಒಮ್ಮೆ ನೋಡಿ, ಒಗೆದ ಕುಂಚ ಎತ್ತಿಕೊಂಡ.

ಫೋಟೋ ಬಟ್ಟೆಯಲ್ಲಿ ಸುತ್ತಿಕೊಂಡು ಇಬ್ಬರೂ ವಾಡೆಗೆ ಹೋದೆವು. ಈ ಸಲ ಏನಾದರಾಗಲಿ, ಸ್ಟ್ಯಾಂಡು ತೆಗೆದುಕೊಂಡೇ ಬರುವುದೆಂದು ನಿರ್ಧಾರ ಮಾಡಿದ್ದೆವು. ರಾಣಿಸಾಹೇಬರು ಪಡಸಾಲೆಯಲ್ಲಿ ಕೂತಿದ್ದರು. ಇಷ್ಟು ವರ್ಷ ಕಾದ ಮುಖ ಹೇಗೆ ಬಂದಿದೆಯೋ ಎಂದು ಅವರ ಬೆರಳು ಸೆರಗನ್ನು ಹಿಂಡುತ್ತಿತ್ತು. ಮಾಸ್ತರ ಬಟ್ಟೆ ಸರಿಸಿದ.

ಕಾರಭಾರಿಗಳು ತಟಕ್ಕನೆ ಚಪ್ಪಲಿ ಬಿಟ್ಟು ಕೈಕಟ್ಟಿ ನಿಂತರು. ಕಂಬಕ್ಕೆ ಒರಗಿದ್ದ ಕಾವಲುಗಾರ ನೆಟ್ಟಗಾಗಿ ಬಾಯಲ್ಲಿದ್ದ ತಂಬಾಕು ನುಂಗಿದ. ರಾಣಿಸಾಹೇಬರು ಸರ್ರನೆ ಎದ್ದು, ತಲೆಯ ಮೇಲೆ ಸೆರಗು ಎಳೆದುಕೊಂಡು, ಗೋಡೆಯ ಪಕ್ಕಕ್ಕೆ ಸರಿದರು. ಆಮೇಲೆ ಸೆರಗಿನೊಳಗಿಂದ ಅಳುವೋ ನಗುವೋ ತಿಳಿಯದ ದನಿ ಬಂತು:

"ಹೌದು... ಇವರ. ಖರೇನ ಇವರ." ಮತ್ತೆ ಒಂದಿಷ್ಟು ಹೊತ್ತು ನೋಡಿ, ಮಾಸ್ತರನ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಹೇಳಿದರು: "ಫೋಟೋ ತಗದದ್ದು ಅವರಿಗೆ ಗೊತ್ತಾಗ್ಯದ, ಮಾಸ್ತರ. ನೀವು ಹೊರಗ ನಡೀರಿ, ನಾ ಸಮಾಧಾನ ಮಾಡ್ತೇನಿ."

ಈ ಸಲ ಅವನನ್ನು ಅಗಸಿಯ ಹತ್ತಿರ ಹಿಡಿಯಬೇಕಾಗಲಿಲ್ಲ. ಇಬ್ಬರೂ ಒಟ್ಟಿಗೇ ಓಡಿದ್ದೆವು. ಸ್ಟ್ಯಾಂಡು ಇನ್ನೂ ವಾಡೆಯಲ್ಲೇ ಇದೆ.