ಕಂಬ ಕಾಯುವ ಕಾಕಾ

ನಮ್ಮ ಕಾಕಾನ ಮನೆಗೆ ನೀವೇನಾದರೂ ಹೋಗುವುದಿದ್ದರೆ ಊಟ ಮಾಡಿಕೊಂಡೇ ಹೋಗಿ! ನನ್ನ ಅಪ್ಪನ ಈ ತಮ್ಮ ಜಿಪುಣರೆಂದಲ್ಲ. ತಂಬೂರು ಎಂಬ ಊರಿನ ಬಾಜು ಇರುವ ತಮ್ಮ ಹಳ್ಳಿಯಲ್ಲಿ ಬಸ್ಸಿಳಿದ ನೆಂಟರನ್ನು ಅವರು ಮೊದಲು ಒಯ್ಯುವುದು ಚಾಲುಕ್ಯರ ಕಾಲದ ಶಿವನ ಗುಡಿಗೆ. ಅಲ್ಲಿ ಹದಿನಾರು ಕಂಬಗಳನ್ನೂ ಒಂದೊಂದಾಗಿ ಪರಿಚಯ ಮಾಡಿಸುತ್ತಾರೆ. ಹದಿನಾರನೆಯದು ಮುಗಿಯುವವರೆಗೆ ಚಹಾ ಎಲ್ಲಿಂದ ಬರಬೇಕು?

ಕಾಕಾನ ಮಗಳನ್ನು ನೋಡಲು ಬಂದ ಬೀಗರಿಗೂ ಇದೇ ಮರ್ಯಾದೆಯಾಯಿತು. ವರನ ಅಪ್ಪ ದಣಿದು, ಎಣ್ಣೆ ಹಚ್ಚಿದ ತಲೆಯನ್ನು ಕಂಬಕ್ಕೆ ಆನಿಸಿದರು.

"ತಲಿ ತಗೀರಿ! ಒಂಬೈನೂರು ವರ್ಷ ಆಗೇತಿ ಅದಕ್ಕ!" ಕಾಕಾ ಗದರಿದರು.

"ನನಗೂ ಅರವತ್ತಾಗೇತ್ರಿ. ನನ್ನ ಯಾರೂ ಇಷ್ಟ ಕಾಳಜಿ ಮಾಡಂಗಿಲ್ಲಲ್ರಿ!" ಎಂದರು, ಪಾಪ.

ಲಗ್ನವೇನೋ ಆಯಿತು. ಆದರೆ ಆ ಬೀಗರು ಈಗಲೂ ಕಾಕಾನ ಮನೆಯ ಗೋಡೆಗೂ ಒರಗುವುದಿಲ್ಲ!

ಹೋದ ಶ್ರಾವಣದಲ್ಲಿ ನಾವು ಅಲ್ಲಿಗೆ ಹೋಗಿದ್ದಾಗ ನಿಜವಾದ ಗಂಡಾಂತರ ಬಂತು. ಓಣಿಯ ಅಜ್ಜಿಯೊಬ್ಬರು, ಮೊಮ್ಮಗಳ ಜಡ್ಡು ವಾಸಿಯಾದರೆ ಗುಡಿಗೆಲ್ಲ ಬಣ್ಣ ಬಳಿಸುತ್ತೇನೆಂದು ಹರಕೆ ಹೊತ್ತಿದ್ದರು. ವಾಸಿಯಾಯಿತು. ಹಳದಿ ಆಯಿಲ್ ಪೇಂಟಿನ ಡಬ್ಬಿಗಳು ಬಂದೇಬಿಟ್ಟವು! ಒಮ್ಮೆ ಬಳಿದರೆ ಆ ಕಲ್ಲು, ಆ ಕೆತ್ತನೆ ಎಲ್ಲ ಮುಗಿದಂತೆಯೇ. ಇವತ್ತು ಕಾಕಾ ಕುಣಿದಾಡುತ್ತಾರೆಂದು ನಾವೆಲ್ಲ ನೋಡಲು ಓಡಿದೆವು.

ಕಾಕಾ ದನಿಯನ್ನೇ ಎತ್ತಲಿಲ್ಲ. ದಿನಾ ಕಂಬ ಒರೆಸುವ ಹಳೆಯ ಧೋತರದ ತುಂಡಿನಿಂದ ಒಂದು ಕಂಬವನ್ನು ಒರೆಸಿ, ಅಜ್ಜಿಯನ್ನು ಕೈಹಿಡಿದು ಹತ್ತಿರ ಕರೆದರು.

"ನೋಡಬೇ ಯವ್ವಾ, ಯಾರು ಕಾಣ್ತಾರ?"

ಕರಿಗಲ್ಲಿನಲ್ಲಿ ಅಜ್ಜಿಯ ಮುಖ, ಮೂಗುತಿ, ಹಣೆಯ ವಿಭೂತಿ! ನಾನೂ ಇಣುಕಿದೆ. ಕರೆಂಟಿಲ್ಲದ ಕಾಲದ ಯಾವನೋ ಪುಣ್ಯಾತ್ಮ, ತನ್ನ ಹೆಸರನ್ನೂ ಬರೆಯದೆ, ನಮ್ಮ ಮುಖ ಕಾಣುವಷ್ಟು ನುಣುಪಾಗಿ ಕಲ್ಲನ್ನು ತಿಕ್ಕಿಟ್ಟು ಹೋಗಿದ್ದಾನೆ!

ಅಜ್ಜಿ ಕೇಳಿದರು. "ಹರಕಿ ತೀರದಿದ್ರ ಶಿವ ಸಿಟ್ಟಾಗಂಗಿಲ್ಲೇನಪಾ? ಕೂಸಿಗೆ ಮತ್ತ ಏನರ ಆದ್ರ?"

"ಅಂವನ ಸಿಟ್ಟು ನನ್ನ ತಲಿ ಮ್ಯಾಲಿರ್ಲಿ ಯವ್ವಾ. ನಿನ್ನ ಹರಕಿ ನಾ ಹೊತ್ಕೋತೀನಿ."

ಅಜ್ಜಿ ಕಂಬದ ಮೇಲೊಮ್ಮೆ ಕೈಯಾಡಿಸಿದರು. ಆಮೇಲೆ ಪೇಂಟರನಿಗೆ ಡಬ್ಬಿ ಎತ್ತಲು ಹೇಳಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಇಷ್ಟ ವರ್ಷ ನೀ ಒಬ್ಬನ ಒರಸೀಯಲ್ಲೋ, ಹುಚ್ಚಪ್ಯಾಲಿ! ಆ ಅರಿವಿ ಹರದು ಅರ್ಧಾ ನನಗ ಕೊಡು."

ಸದಾ ಗದರುವ ನಮ್ಮ ಕಾಕಾ ಕೂಸಿನಂತೆ ತಲೆಯಾಡಿಸಿದರು. ಬಟ್ಟೆ ಹರಿಯಲು ಹೋದರು, ಧೋತರದ ಅಂಚು ಗಟ್ಟಿಯಿತ್ತು, ಹರಿಯಲಿಲ್ಲ. ಇಷ್ಟು ವರ್ಷ ಅವರನ್ನು ನೋಡಿ ನಕ್ಕ ನನಗೆ ನಾಚಿಕೆಯಾಯಿತು. ನಾನೇ ಇಸಿದುಕೊಂಡು ಹರಿದೆ, ಮೂರು ತುಂಡು.