ಚಕ್ಕುಬಂದಿ ಸಮೇತ ದಿನಚರಿ

2006ರ ಜನವರಿ ಒಂದನೇ ತಾರೀಕು, ಭಾನುವಾರ ಬೆಳಗ್ಗೆ ಎಂಟು ಗಂಟೆಗೆ, ರಾಮನಗರದ ತಮ್ಮ ಮನೆಯ ಜಗಲಿಯಲ್ಲಿ ಕುಳಿತು ನನ್ನ ದೊಡ್ಡಪ್ಪ ಜೀವನದ ಮೊಟ್ಟಮೊದಲ ದಿನಚರಿ ಬರೆದರು. ಎಂಟೂವರೆಗೆ ಅದಕ್ಕೆ ಇಬ್ಬರು ಸಾಕ್ಷಿಗಳು ಸಹಿ ಹಾಕಿದರು.

ಡೈರಿಗೆ ಸಾಕ್ಷಿ ಯಾಕೆ ಎಂದು ಕೇಳುವವರು ನನ್ನ ದೊಡ್ಡಪ್ಪನನ್ನು ಕಂಡವರಲ್ಲ. ಅವರು ಮೂವತ್ತು ವರ್ಷ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು, ಬೇವಿನ ಮರದ ಕೆಳಗೆ ಕುಳಿತು ಜನರಿಗೆ ಪತ್ರ ಬರೆದುಕೊಟ್ಟವರು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ. ಬಿಡದಿಗೆ ಕಾರ್ಖಾನೆಗಳು ಬಂದ ಮೇಲೆ ನಮ್ಮ ಕಡೆ ಬಂಡೆಗಳನ್ನು ಬಿಟ್ಟು ಮಿಕ್ಕಿದ್ದೆಲ್ಲ ಕೈ ಬದಲಾಯಿಸಿತಲ್ಲ, ಅದರಲ್ಲಿ ಒಂದು ಪಾಲು ಬದಲಾದದ್ದು ದೊಡ್ಡಪ್ಪನ ಅಕ್ಷರದಲ್ಲಿ. ಆಮೇಲೆ ಕಚೇರಿಗೆ ಕಂಪ್ಯೂಟರ್ ಬಂತು. ಮರದ ಕೆಳಗೆ ಜನ ಕಡಿಮೆಯಾದರು. ಹಿಂದಿನ ದೀಪಾವಳಿಯ ಹೊತ್ತಿಗೆ ಅವರಿಗೆ ಲಘುವಾಗಿ ಲಕ್ವ ಹೊಡೆಯಿತು. ಕಾಲು ಉಳಿಯಿತು. ಮಾತೂ ಉಳಿಯಿತು, ದೊಡ್ಡಮ್ಮನ ಪ್ರಕಾರ ಹೆಚ್ಚಾಯಿತು! ಬಲಗೈ ಬೆರಳುಗಳು ಮಾತ್ರ ಮುಷ್ಕರ ಹೂಡಿದವು.

"ದಿನಾ ಹತ್ತು ಸಾಲು ಬರೀರಿ. ಇಲ್ಲದಿದ್ರೆ ಬೆರಳು ಗಟ್ಟಿಯಾಗ್ಬಿಡ್ತವೆ" ಎಂದರು ಡಾಕ್ಟರು.

ಅದಕ್ಕೊಂದು ಗಡುವೂ ಇತ್ತು. ದೊಡ್ಡಪ್ಪನ ಒಬ್ಬಳೇ ಮಗಳಿಗೆ ಮರಳವಾಡಿ ಕಡೆ ಗಂಡು ಗೊತ್ತಾಗಿ, ಯುಗಾದಿ ಕಳೆದ ಮೇಲೆ ವೀಳ್ಯಶಾಸ್ತ್ರ ಎಂದು ತೀರ್ಮಾನವಾಗಿತ್ತು. ಆ ದಿನ ಹಿರಿಯರ ಎದುರು ಲಗ್ನಪತ್ರಿಕೆಯನ್ನು ಕೈಯಲ್ಲೇ ಬರೆಯಬೇಕು. ನಮ್ಮ ಬೀದಿಯಲ್ಲಿ ಪುರೋಹಿತರು ಹೇಳುವುದು, ದೊಡ್ಡಪ್ಪ ಬರೆಯುವುದು ಎಂದು ಎಷ್ಟೋ ವರ್ಷಗಳಿಂದ ನಡೆದುಕೊಂಡು ಬಂದಿತ್ತು.

"ಊರೋರ ಮಕ್ಕಳಿಗೆಲ್ಲ ಬರ್ದಿವ್ನಿ. ನನ್ನ ಮಗಳದ್ದು ಇನ್ಯಾವನೋ ಬರೆದ್ರೆ ಈ ಕೈ ಯಾಕ್ಲಾ ಬೇಕು ನಂಗೆ?" ಎಂದರು.

ನಾನು ಪತ್ರಿಕೆಯ ವರದಿಗಾರ. ಹೊಸ ವರ್ಷಕ್ಕೆ ಪುಕ್ಕಟೆ ಬಂದ ಡೈರಿಗಳಲ್ಲಿ ಒಂದನ್ನು ಅವರಿಗೆ ಕೊಟ್ಟು, "ಆವತ್ತು ನಡೆದದ್ದು, ಮನಸ್ಸಿಗೆ ಬಂದದ್ದು ಬರೀರಿ ದೊಡ್ಡಪ್ಪ" ಎಂದೆ. ನಾನು ಮಾಡಿದ ತಪ್ಪು ಅಷ್ಟೇ.

ಮೊದಲ ದಿನದ ಬರಹ ಹೀಗಿತ್ತು: "ಸನ್ ಎರಡು ಸಾವಿರದ ಆರನೇ ಇಸವಿ ಜನವರಿ ಮಾಹೆ ಒಂದನೇ ತಾರೀಖಿನಲ್ಲು, ರಾಮನಗರ ಟೌನ್ ವಾಸಿ, ಸುಮಾರು ಐವತ್ತೆಂಟು ವರ್ಷ ವಯಸ್ಸುಳ್ಳ, ಪತ್ರ ಬರಹಗಾರಿಕೆ ಕಸುಬಿನ ನಾನು ಈ ಡೈರಿಗೆ ಬರೆದುಕೊಟ್ಟ ದಿನಚರಿ ಪತ್ರದ ಕ್ರಮವೇನೆಂದರೆ..." ಕೋಳಿ ಕೆದರಿದಂಥ ಅಕ್ಷರ. ಕ್ರಮವೇನೆಂದು ಹೇಳುವಷ್ಟರಲ್ಲಿ ಹತ್ತು ಸಾಲು ಮುಗಿದು ಹೋಗಿತ್ತು! ನಡೆದದ್ದೇನು ಎಂಬುದು ಇವತ್ತಿಗೂ ಗೊತ್ತಿಲ್ಲ.

ಎರಡನೇ ವಾರ ಚಕ್ಕುಬಂದಿ ಶುರುವಾಯಿತು. ಚಕ್ಕುಬಂದಿ ಎಂದರೆ ಜಮೀನಿನ ನಾಲ್ಕು ದಿಕ್ಕಿನ ಎಲ್ಲೆ. ಅದಿಲ್ಲದೆ ಯಾವ ಕ್ರಯಪತ್ರವೂ ಆಗುವುದಿಲ್ಲ. ದಿನಕ್ಕೂ ಎಲ್ಲೆ ಬೇಡವೇ? ದೊಡ್ಡಪ್ಪ ಬರೆದರು: "ಪೂರ್ವಕ್ಕೆ ಎರಡು ತಟ್ಟೆ ಇಡ್ಲಿ, ಪಶ್ಚಿಮಕ್ಕೆ ಸಂಜೆಯ ಸೊಳ್ಳೆ, ಉತ್ತರಕ್ಕೆ ಕರೆಂಟಿಲ್ಲದ ಒಂದೂವರೆ ಗಂಟೆ, ದಕ್ಷಿಣಕ್ಕೆ ಹೆಂಡತಿಯ ಸಿಟ್ಟು. ಈ ಮಧ್ಯೆ ಇರುವ ಸ್ವತ್ತೇ ಬುಧವಾರ."

ದೊಡ್ಡಮ್ಮ ಒಂದನೇ ಸಾಕ್ಷಿ. ಓದದೆ ಸಹಿ ಹಾಕುವ ಹೆಂಗಸಲ್ಲ. ಬೆರಳಿಟ್ಟು ಪೂರ್ತಿ ಓದಿ, ಪೆನ್ನು ಕೆಳಗಿಟ್ಟರು.

"ದಕ್ಷಿಣಕ್ಕೆ ಮಾತ್ರವಾ ನನ್ನ ಸಿಟ್ಟು? ನಾಕ್ ದಿಕ್ಕಿಗೂ ಐತೆ. ತಿದ್ದು ಮೊದ್ಲು."

ದೊಡ್ಡಪ್ಪ ತಿದ್ದಿದರು. ತಿದ್ದಿ ಸುಮ್ಮನಿರಲಿಲ್ಲ, ಕಚೇರಿಯ ರೂಢಿಯಂತೆ ಪುಟದ ಕೆಳಗೆ, "ಮೂರನೇ ಸಾಲಿನಲ್ಲಿ 'ದಕ್ಷಿಣಕ್ಕೆ' ಎಂಬುದನ್ನು ಹೊಡೆದು 'ಸುತ್ತಲೂ' ಎಂದು ಉಭಯತ್ರರ ಒಪ್ಪಿಗೆ ಮೇರೆಗೆ ಬರೆದಿದೆ" ಎಂದು ಷರಾ ಹಾಕಿದರು. ದೊಡ್ಡಮ್ಮ ಆಗ ಸಹಿ ಹಾಕಿದರು. ಮೂವತ್ತೊಂದು ವರ್ಷದ ಸಂಸಾರದಲ್ಲಿ ಇಬ್ಬರೂ ಲಿಖಿತವಾಗಿ ಒಪ್ಪಿದ ಮೊದಲ ವಿಷಯ ಇದು!

ಫೆಬ್ರವರಿಯಲ್ಲಿ ನೆಗಡಿಯಾಗಿ ಮೂರು ದಿನ ಬರೆಯಲಿಲ್ಲ. ನಾಲ್ಕನೇ ದಿನ ನೋಡಿದರೆ, ಆ ಮೂರೂ ಪುಟಗಳ ಮೇಲೆ ಮೂಲೆಯಿಂದ ಮೂಲೆಗೆ ಗೀಟು.

"ಇದೇನು ದೊಡ್ಡಪ್ಪ?"

"ಖಾಲಿ ಜಾಗ ಬುಡಬಾರ್ದು ಕಣ್ಲಾ. ಯಾರಾದ್ರೂ ಏನಾದ್ರೂ ಸೇರಿಸ್ಬುಡ್ತಾರೆ."

"ನಿಮ್ಮ ಮಂಗಳವಾರಕ್ಕೆ ಬಂದು ಯಾರು ಏನು ಸೇರಿಸ್ತಾರೆ?"

"ನೀನು ಪೇಪರ್ನೋನು, ನಿಂಗೇನ್ ಗೊತ್ತು! ಪತ್ರದಲ್ಲಿ ಒಂದು ಗೇಣು ಖಾಲಿ ಬುಟ್ಟೋರು ಅರ್ಧ ಎಕರೆ ಕಳ್ಕಂಡವ್ರೆ."

ನಾನು ಇನ್ನೊಮ್ಮೆ ಹೇಳಿ ನೋಡಿದೆ: ನಡೆದದ್ದಷ್ಟೇ ಸಾಲದು, ಮನಸ್ಸಿನಲ್ಲಿರುವುದನ್ನೂ ಬರೆಯಿರಿ. ಅವರು ಕನ್ನಡಕದ ಮೇಲಿಂದ ನೋಡಿದರು. "ಮನಸ್ಸಿಗೆ ದಾಖಲೆ ಎಲ್ಲೈತ್ಲಾ?" ಆವತ್ತಿನಿಂದ ದಾಖಲೆ ಲಗತ್ತಿಸತೊಡಗಿದರು. ಚನ್ನಪಟ್ಟಣಕ್ಕೆ ಹೋಗಿಬಂದರೆ ಬಸ್ ಟಿಕೆಟ್ಟು. ಮಾಗಡಿಯ ನೆಂಟರ ಮನೆಗೆ ಹೋದರೆ ಅವರು ಉಡುಗೊರೆ ಕೊಟ್ಟ ಪಂಚೆಯ ಒಂದೆಳೆ ದಾರ. ಬಿಡದಿಯಲ್ಲಿ ಇಡ್ಲಿ ತಿಂದ ದಿನ, ಇಡ್ಲಿಯ ಕೆಳಗಿದ್ದ ಎಲೆಯ ಒಂದು ಚೂರನ್ನು ಅಂಟಿಸಿ "ಅನುಬಂಧ ಅ" ಎಂದು ಬರೆದರು. ಮರುದಿನ ಇರುವೆಗಳು ಸಾಲಾಗಿ ಬಂದು ಅನುಬಂಧವನ್ನು ಪರಿಶೀಲಿಸಿ, ಆಕ್ಷೇಪಣೆಯಿಲ್ಲದೆ ತೆಗೆದುಕೊಂಡು ಹೋದವು.

ಎರಡನೇ ಸಾಕ್ಷಿ ನಾನು. ನಾನು ಡ್ಯೂಟಿಯಲ್ಲಿದ್ದ ದಿನ ಅವರ ಮಗಳು, ಅಂದರೆ ನನ್ನ ತಂಗಿ. ಬಿಡದಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸ. ಸಂಜೆಯ ರೈಲಿಳಿದು ಬಂದವಳು ಚಪ್ಪಲಿ ಬಿಡುವ ಮೊದಲೇ ಡೈರಿ ಮುಂದೆ ಬರುತ್ತಿತ್ತು. ಒಂದು ಸಂಜೆ ಅವಳು ಕೇಳಿದಳು: "ಅಲ್ಲಪ್ಪಾ, ದಿನ ನಿಂದೇ ತಾನೆ? ಅದನ್ನ ಯಾರಿಗೆ ಬರ್ಕೊಡ್ತಾ ಇದ್ದೀಯ?"

ದೊಡ್ಡಪ್ಪ ಪೆನ್ನಿನ ಕ್ಯಾಪು ಹಾಕುತ್ತಾ, "ಬರ್ಕೊಟ್ಟೇ ಅಭ್ಯಾಸ ಕಣವ್ವ. ಇಟ್ಕಳಾದು ಗೊತ್ತಿಲ್ಲ" ಎಂದರು.

ಇಷ್ಟೆಲ್ಲದರ ನಡುವೆ ಒಂದು ಸಂಗತಿಯನ್ನು ದಾಖಲಿಸಬೇಕು. ಜನವರಿಯಲ್ಲಿ ಕೆದರಿದ್ದ ಅಕ್ಷರ ಫೆಬ್ರವರಿ ಕೊನೆಗೆ ಸಾಲಿನ ಮೇಲೆ ನಿಂತಿತು. ಮಾರ್ಚಿನಲ್ಲಿ ತಲೆಕಟ್ಟು, ಕೊಂಬು, ದೀರ್ಘ ಎಲ್ಲ ತಮ್ಮ ತಮ್ಮ ಜಾಗಕ್ಕೆ ಬಂದವು. ಯುಗಾದಿಯ ದಿನದ ಪುಟವನ್ನು ಡಾಕ್ಟರಿಗೆ ತೋರಿಸಿದಾಗ ಅವರು ಮೊದಲು ಅಕ್ಷರ ನೋಡಿ ತಲೆದೂಗಿದರು. ಆಮೇಲೆ ಓದಿ, ಚಕ್ಕುಬಂದಿಯಲ್ಲಿ ಪಶ್ಚಿಮಕ್ಕೆ ತಮ್ಮ ಹೆಸರು ಕಂಡು, ಯಾಕೆ ಎಂದು ಕೇಳಿದರು. "ಸಾಯಂಕಾಲ ನಿಮ್ಮ ಮಾತ್ರೆ ಅಲ್ವಾ ಸಾರ್" ಎಂದರು ದೊಡ್ಡಪ್ಪ.

ಏಪ್ರಿಲ್ ತಿಂಗಳಲ್ಲಿ ವೀಳ್ಯಶಾಸ್ತ್ರ ನಡೆಯಿತು. ಮರಳವಾಡಿಯಿಂದ ಎರಡು ವ್ಯಾನಿನಲ್ಲಿ ಗಂಡಿನ ಕಡೆಯವರು ಬಂದರು. ನಡುಮನೆಯ ಚಾಪೆಯ ಮೇಲೆ ದೊಡ್ಡಪ್ಪ, ಮುಂದೆ ಮಣೆ, ಮಣೆಯ ಮೇಲೆ ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ ಹಾಳೆ. ಎಲ್ಲರೂ ಗಂಡನ್ನು ನೋಡುತ್ತಿದ್ದರು. ದೊಡ್ಡಮ್ಮ ಗಂಡನ ಕೈಯನ್ನು ನೋಡುತ್ತಿದ್ದರು. ಪುರೋಹಿತರು ಹೇಳುತ್ತಾ ಹೋದರು. ಸಂವತ್ಸರ, ಮಾಸ, ತಿಥಿ, ಲಗ್ನ. ಕೈ ನಡುಗಲಿಲ್ಲ. ಬೀಗರ ಹೆಸರು ಬಂತು, ಗಂಡಿನ ಹೆಸರು ಬಂತು. ಮುತ್ತು ಪೋಣಿಸಿದಂಥ ಅಕ್ಷರ.

"ಇವರಿಗೆ, ಚಿರಂಜೀವಿ ಸೌಭಾಗ್ಯವತಿ..." ಎಂದು ಪುರೋಹಿತರು ಹೆಣ್ಣಿನ ಹೆಸರು ಹೇಳಿದರು.

ಪೆನ್ನು ನಿಂತಿತು. ಪುರೋಹಿತರು ಕೇಳಿಸಲಿಲ್ಲವೆಂದು ಇನ್ನೊಮ್ಮೆ ಹೇಳಿದರು. ಪೆನ್ನು ಹಾಳೆಯ ಮೇಲೆಯೇ ಇತ್ತು.

"ಒಸಿ ಸುಸ್ತಾಗೈತೆ ಅನ್ಸುತ್ತೆ. ಬ್ಯಾರೆ ಯಾರಾದ್ರೂ ಬರೀಲಿ ಬುಡಿ ಯಜಮಾನ್ರೇ" ಎಂದರು ಗಂಡಿನ ಕಡೆಯ ಹಿರಿಯರೊಬ್ಬರು.

"ಕೈ ಸರಿಯಾಗೈತೆ" ಎಂದರು ದೊಡ್ಡಪ್ಪ. ಬರೆಯಲಿಲ್ಲ.

ಮಗಳು ಹೆಂಗಸರ ನಡುವಿನಿಂದ ಎದ್ದು ಬಂದು ಅವರ ಪಕ್ಕ ಕುಳಿತಳು. ಬೆರಳುಗಳ ನಡುವಿನಿಂದ ಪೆನ್ನು ಬಿಡಿಸಿಕೊಂಡು, ತನ್ನ ಹೆಸರು ತಾನೇ ಬರೆದು, ಪೆನ್ನನ್ನು ಮತ್ತೆ ಅದೇ ಬೆರಳುಗಳ ನಡುವೆ ಇಟ್ಟಳು. ಮುಂದಿನದನ್ನು ದೊಡ್ಡಪ್ಪ ಬರೆದರು.

ಆ ಪತ್ರ ಈಗ ಮರಳವಾಡಿಯಲ್ಲಿ ಅವಳ ಬೀರುವಿನಲ್ಲಿದೆ. ಹೋದ ವಾರ ನೋಡಿದೆ. ಏಳನೇ ಸಾಲಿನಲ್ಲಿ ಒಂದು ಹೆಸರು ಮಾತ್ರ ಬೇರೆ ಅಕ್ಷರದಲ್ಲಿದೆ.